ಎಲ್ಲದಕ್ಕೂ ಹೂಂ ಅನ್ನುವ ಯಂತ್ರ

ನನಗೊಂದು ಅಭ್ಯಾಸವಿದೆ. ಕಂಪ್ಯೂಟರಿನ ಗುಂಡಿ ಒತ್ತಿದ ಮೇಲೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಅದು ಪೂರ್ತಿ ಎದ್ದೇಳುವವರೆಗೆ ಸುಮ್ಮನೆ ಕೂತಿರುತ್ತೇನೆ. ಮೌಸ್ ಮುಟ್ಟುವುದಿಲ್ಲ, ಪಕ್ಕದವರ ಜೊತೆ ಮಾತೂ ಆಡುವುದಿಲ್ಲ. ರಾಯಚೂರಿನಲ್ಲಿ ನಾನು ಪಾಠ ಮಾಡುವ ಕಾಲೇಜಿನ ಲ್ಯಾಬಿನಲ್ಲಿ ಇದು ಎಲ್ಲರಿಗೂ ಗೊತ್ತು. ಮೇಡಂ ಧ್ಯಾನಕ್ಕೆ ಕೂತರು ಅಂತ ಹಿಂದಿನ ಸಾಲಿನ ಹುಡುಗಿಯರು ಕಿಸಕ್ಕನೆ ನಗುತ್ತಾರೆ. ಈಗಿನ ಯಂತ್ರಗಳು ಆಕಳಿಸುವಷ್ಟರಲ್ಲಿ ಎದ್ದು ನಿಲ್ಲುವುದರಿಂದ ನನ್ನ ಧ್ಯಾನವೂ ಗಿಡ್ಡವಾಗಿದೆ. ಆದರೂ ಬಿಟ್ಟಿಲ್ಲ.

ಮೊನ್ನೆ ಮಧ್ಯಾಹ್ನ ಉತ್ತರಪತ್ರಿಕೆ ನೋಡುತ್ತ ಕೂತಿದ್ದೆ. ಬೇರೆ ಬೇರೆ ಆಪರೇಟಿಂಗ್ ಸಿಸ್ಟಂಗಳ ಭದ್ರತೆ ಮತ್ತು ಸ್ಥಿರತೆಯನ್ನು ಹೋಲಿಸಿ ಬರೆಯಿರಿ ಎಂಬುದು ನಾನು ಪ್ರತಿ ವರ್ಷ ತಪ್ಪದೆ ಕೇಳುವ ಪ್ರಶ್ನೆ. ಕೇಳುವುದಕ್ಕೆ ದೊಡ್ಡ ಕಾರಣವೇನಿಲ್ಲ, ತಿದ್ದಲು ಸುಲಭ. ಎಲ್ಲರೂ ಗೈಡಿನಲ್ಲಿರುವುದನ್ನೇ ಬರೆಯುತ್ತಾರೆ: ವಿಂಡೋಸ್ ಬಳಸುವವರು ಹೆಚ್ಚು, ಆದ್ದರಿಂದ ವೈರಸ್ ಕಾಟವೂ ಹೆಚ್ಚು, ಮ್ಯಾಕ್ ಗಟ್ಟಿ, ಆದರೆ ದುಬಾರಿ, ಲಿನಕ್ಸ್ ವರ್ಷಗಟ್ಟಲೆ ನಿಲ್ಲದೆ ಓಡುತ್ತದೆ. ಕರೆಂಟ್ ಹೋಗಿತ್ತು. ರಾಯಚೂರಿನ ಬಿಸಿಲು ಪರದೆಯ ಆಚೆ ನಿಂತು ಒಳಗೆ ಬರಲೋ ಬೇಡವೋ ಅನ್ನುತ್ತಿತ್ತು. ನಿಂತ ಫ್ಯಾನಿನ ಕೆಳಗೆ ಕಣ್ಣು ಎಳೆಯತೊಡಗಿದಾಗ, ಸ್ಥಿರತೆ ಎಂಬ ಪದದ ಮೇಲೆ ಪೆನ್ನಿಟ್ಟುಕೊಂಡೇ ನಾನು ದೇವದುರ್ಗಕ್ಕೆ ಹೋಗಿಬಿಟ್ಟೆ.

ನಮ್ಮ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ದೇವದುರ್ಗದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟಿದ್ದ. ಮನೆ ಇದ್ದದ್ದು ಗಬ್ಬೂರಿನಲ್ಲಿ. ದಿನಾ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದ. ಬೇಸಿಗೆ ರಜೆಯಲ್ಲಿ ಮಾನ್ವಿಯಿಂದ ಬಂದಿಳಿದ ನನ್ನನ್ನೂ ಕೆಲವು ದಿನ ಜೊತೆಗೆ ಕರೆದೊಯ್ಯುತ್ತಿದ್ದ. ಸಾಲು ಬೆಂಚು, ಸಾಲು ಟೈಪ್‌ರೈಟರು, ಎಲ್ಲರೂ ಒಟ್ಟಿಗೆ ಬಡಿಯಲು ಶುರು ಮಾಡಿದರೆ ತಗಡಿನ ಮೇಲೆ ಮಳೆ ಬಿದ್ದ ಸದ್ದು. ಹೊರಗೆ ನೋಡಿದರೆ ಕೆಂಡದಂಥ ಬಿಸಿಲು. ರಿಬ್ಬನ್ನಿನ ಮಸಿವಾಸನೆಯನ್ನು ಮೂಗಿಗೆಳೆದುಕೊಳ್ಳುತ್ತ ನಾನು ಕೊನೆಯ ಬೆಂಚಿನ ಕೆಳಗೆ ಮಲಗಿಬಿಡುತ್ತಿದ್ದೆ. ಈಗಲೂ ಒಳ್ಳೆ ನಿದ್ದೆ ಬರಬೇಕಾದರೆ ನನಗೆ ಆ ಸದ್ದು ಬೇಕೆನಿಸುತ್ತದೆ. ಮೊಬೈಲಿನಲ್ಲಿ ಮಳೆ ಸದ್ದು ಹಾಕಿಕೊಂಡು ನೋಡಿದ್ದೇನೆ, ಅದರಲ್ಲಿ ಸಾಲು ಮುಗಿದಾಗಿನ ಗಂಟೆ ಬಾರಿಸುವುದಿಲ್ಲ.

ನಾನು ಕಾಲೇಜು ಸೇರುವ ಹೊತ್ತಿಗೆ ಅಲ್ಲಿಗೆ ಕಂಪ್ಯೂಟರ್ ಬಂತು. ಚಪ್ಪಲಿ ಹೊರಗೆ ಬಿಡಬೇಕು. ಕಿಟಕಿಗೆ ಪರದೆ. ಪೆಟ್ಟಿಗೆಗೂ ಮಾನಿಟರಿಗೂ ದೊಡ್ಡವ್ವ ತನ್ನ ಹಳೆ ಇಳಕಲ್ ಸೀರೆ ಕತ್ತರಿಸಿ ಹೊಲಿದ ಗವಸು, ಅಂಚೆಲ್ಲ ಕೆಂಪು. ಗುಂಡಿ ಒತ್ತಿ ದೊಡ್ಡಪ್ಪ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ. ನಾವು ಯಾರಾದರೂ ಅವಸರಕ್ಕೆ ಕೀಲಿಮಣೆ ಮುಟ್ಟಿದರೆ, "ಏಳೋ ಹೊತ್ತಿನ್ಯಾಗ ಯಾರನ್ನೂ ಮಾತಾಡಸಬಾರದವ್ವಾ" ಅನ್ನುತ್ತಿದ್ದ. ಅದು ಗೊರ್ ಗೊರ್ ಎಂದು, ಕಪ್ಪಾಗಿ, ಮತ್ತೆ ಬೆಳ್ಳಗಾಗಿ, ಕಡೆಗೆ ಒಂದು ಸಣ್ಣ ರಾಗ ಹಾಡಿ ಎದ್ದ ಮೇಲೆಯೇ ಎಲ್ಲರೂ ಉಸಿರು ಬಿಡಬೇಕು. ನನ್ನ ಧ್ಯಾನದ ಮೂಲ ಇದು.

ತರಗತಿಯಲ್ಲಿ ಈ ಹೋಲಿಕೆಯ ಪಾಠ ಬಂದಾಗ ನಾನು ಮನೆಗಳ ಕತೆ ಹೇಳುತ್ತೇನೆ. ಮಾನ್ವಿಯ ನಮ್ಮ ಮನೆ ಬಜಾರಿಗೆ ಮುಖ ಮಾಡಿತ್ತು. ಅಪ್ಪನದು ಅಕ್ಕಿ ವ್ಯಾಪಾರ. ನಸುಕಿನಲ್ಲಿ ತೆರೆದ ಬಾಗಿಲು ಮಲಗುವಾಗಲೇ ಮುಚ್ಚುವುದು. ಗಿರಾಕಿ, ನೆಂಟರು, ಜೋಳಿಗೆಯ ಜಂಗಮರು, ದಾರಿ ತಪ್ಪಿದ ಮೇಕೆ, ಎಲ್ಲರಿಗೂ ದಾರಿ ಗೊತ್ತು. ಎಲ್ಲರಿಗೂ ಗೊತ್ತಿರುವುದರಿಂದ ಕಳ್ಳನಿಗೂ ಗೊತ್ತು. ವಿಂಡೋಸ್ ಅಂದರೆ ನನಗೆ ಆ ಮನೆ. ಅದರ ಬಾಗಿಲು ಈಚೆಗೆ ಎಷ್ಟೋ ಗಟ್ಟಿಯಾಗಿದೆ, ಆದರೂ ಬಜಾರು ಬಜಾರೇ. ಈಗ ನಾವಿರುವ ರಾಯಚೂರಿನ ಫ್ಲ್ಯಾಟು ಮ್ಯಾಕ್ ಇದ್ದ ಹಾಗೆ. ಒಂದೇ ಗೇಟು, ಒಬ್ಬ ವಾಚ್‌ಮನ್, ನೋಡಲು ಚಂದ. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಸಂಘದವರ ಅಪ್ಪಣೆ ಬೇಕು. ಕಳ್ಳರು ಬರುವುದು ಕಡಿಮೆ, ಬರುವುದೇ ಇಲ್ಲ ಎಂದು ನಂಬಿ ಮಲಗುವವರನ್ನು ಕಂಡರೆ ಮಾತ್ರ ನನಗೆ ಭಯ.

ಇನ್ನು ಗಬ್ಬೂರಿನ ದೊಡ್ಡಪ್ಪನ ಮಣ್ಣಿನ ಮಾಳಿಗೆ ಮನೆ. ಅಲ್ಲಿ ಯಾವ ತೊಲೆ ಯಾವ ಕಂಬದ ಮೇಲೆ ಕೂತಿದೆ ಅನ್ನುವುದು ತಲೆ ಎತ್ತಿದವರಿಗೆಲ್ಲ ಕಾಣುತ್ತದೆ, ಮುಚ್ಚುಮರೆ ಇಲ್ಲ. ಮಾಳಿಗೆ ಸೋರಿದರೆ ಓಣಿಯವರು ಯಾರೋ ಮೇಲೆ ಹತ್ತಿ ಮಣ್ಣು ಬಡಿದು ಬರುತ್ತಾರೆ. ಪಡಸಾಲೆಯ ತನಕ ಯಾರು ಬೇಕಾದರೂ ಬರಬಹುದು. ಆದರೆ ಜೋಳದ ಕೋಣೆಗೆ ಕಾಲಿಡಬೇಕಾದರೆ ಕೀಲಿ ದೊಡ್ಡವ್ವನ ಸೊಂಟದಲ್ಲಿ. ಹೆತ್ತ ಮಗನಾದರೂ ಪ್ರತಿ ಸಲ ಕೇಳಬೇಕು, ಪ್ರತಿ ಸಲ ಅವಳು ಯಾಕೆ ಎಂದು ಕೇಳುತ್ತಾಳೆ. ಲಿನಕ್ಸ್ ಕೂಡ ಹಾಗೇ, ಏನಾದರೂ ದೊಡ್ಡದನ್ನು ಮುಟ್ಟಲು ಹೋದರೆ ಗುಪ್ತಪದ ಕೊಡು ಅನ್ನುತ್ತದೆ. ತಮಾಷೆ ಏನೆಂದರೆ, ಇಂಥ ಭದ್ರವಾದ ಮನೆಯಲ್ಲೇ ನಮ್ಮ ಜಿಲ್ಲೆಯ ಅತ್ಯಂತ ಅಭದ್ರ ಕಂಪ್ಯೂಟರ್ ಬಹಳ ವರ್ಷ ಬಾಳಿತು.

ದೊಡ್ಡಪ್ಪ ತೀರಿಕೊಂಡ ಮೇಲೆ ಇನ್‌ಸ್ಟಿಟ್ಯೂಟ್ ಮುಚ್ಚಿತು, ಒಂದು ಯಂತ್ರ ಮನೆಗೆ ಬಂತು. ಅದರಲ್ಲಿ ಅವನ ಕಾಲದ ಹಳೆ ವಿಂಡೋಸ್. ದೊಡ್ಡವ್ವ ಅದನ್ನು ಪಡಸಾಲೆಯ ಮೂಲೆಯಲ್ಲಿ, ಬೆಳಕಿಂಡಿಯ ಕೆಳಗೆ ಇರಿಸಿದಳು. ದಿನಾ ಪೂಜೆ ಮುಗಿಸಿ, ಉಳಿದ ವಿಭೂತಿ ಕುಂಕುಮ ಅದಕ್ಕೂ ಹಚ್ಚಿ, ಒಂದು ಚೆಂಡುಹೂ ಇಟ್ಟು, ಗುಂಡಿ ಒತ್ತಿ, ಕೈ ಮಡಿಲಲ್ಲಿಟ್ಟುಕೊಂಡು ಕೂಡುತ್ತಿದ್ದಳು. ಎದ್ದರೆ ಮದುವೆ ಮುಂಜಿಯ ಫೋಟೋ ನೋಡಿ, ಮತ್ತೆ ಯಂತ್ರ ಆರಿಸುವುದು. ಅವಳಿಗೆ ಗೊತ್ತಿದ್ದ ಕಂಪ್ಯೂಟರ್ ಅಷ್ಟೇ.

ಆದರೆ ಆ ಯಂತ್ರ ಎಲ್ಲ ದಿನ ಏಳುತ್ತಿರಲಿಲ್ಲ. ಕೆಲವು ದಿನ ರಾಗ ಹಾಡುತ್ತಿತ್ತು, ಕೆಲವು ದಿನ ನೀಲಿ ಪರದೆ ತೋರಿಸಿ ನಿಂತುಬಿಡುತ್ತಿತ್ತು. ಇಲ್ಲಿ ನಾನು ಹೂವಿನ ಅಪ್ಪಣೆಯ ಬಗ್ಗೆ ಹೇಳಬೇಕು. ಊರ ಹನುಮಪ್ಪನ ಗುಡಿಯಲ್ಲಿ, ಮನಸ್ಸಿನಲ್ಲೊಂದು ಪ್ರಶ್ನೆ ಇಟ್ಟುಕೊಂಡು ಕೂತರೆ, ಪೂಜಾರಿ ಮೂರ್ತಿಗೆ ಹೂ ಅಂಟಿಸುತ್ತಾನೆ. ಬಲಗಡೆಯ ಹೂ ಬಿದ್ದರೆ ಆಗಲಿ ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. ದೊಡ್ಡವ್ವ ಯಾವಾಗಲೋ, ಯಾರಿಗೂ ಹೇಳದೆ, ಆ ಪದ್ಧತಿಯನ್ನು ಪಡಸಾಲೆಗೆ ತಂದುಕೊಂಡಿದ್ದಳು. ಹಾಡಿದರೆ ಬಲಗಡೆ ಹೂ. ನೀಲಿ ಬಂದರೆ ಎಡಗಡೆ.

ಮನೆಯಲ್ಲಿ ಅದೇ ಮಾತು ರೂಢಿಯಾಯಿತು. ಇವತ್ತು ನೀಲಿ ಬಂದಿದೆ, ಉಪ್ಪಿನಕಾಯಿ ಬೇಡ. ನೀಲಿ ಬಂದಿದೆ, ಮಾನ್ವಿಗೆ ನಾಳೆ ಹೋದರಾಯಿತು. ನಾವು ರಾಯಚೂರಿನ ಫ್ಲ್ಯಾಟಿಗೆ ಹೋಗುವಾಗಲೂ ಅವಳು ನನ್ನ ಪರವಾಗಿ ಕೇಳಿದ್ದಳಂತೆ, ನೀಲಿ ಬಂತಂತೆ. ಕಂಪ್ಯೂಟರ್ ಕಲಿಸುವವಳಾದ ನಾನು ಕಂಪ್ಯೂಟರಿನ ಮಾತು ಕೇಳದೆ ಒಕ್ಕಲು ಹೋದೆ. ಅದೇ ವಾರ ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಲಿಫ್ಟಿನಲ್ಲಿ ಸಿಕ್ಕಿಬಿದ್ದೆ. ಬಾಗಿಲು ತೆರೆಯುವಷ್ಟರಲ್ಲಿ ಸುದ್ದಿ ಗಬ್ಬೂರು ಮುಟ್ಟಿತ್ತು. ಮುಂದೆ ಎಷ್ಟೋ ಹಬ್ಬಗಳಲ್ಲಿ ಹೋಳಿಗೆಯ ಜೊತೆಗೆ ಅದನ್ನೂ ಬಡಿಸಿದರು.

ಹೋದ ಬೇಸಿಗೆಯಲ್ಲಿ ದೊಡ್ಡವ್ವನ ಕಣ್ಣು ಮಂಜಾಗಲು ಶುರುವಾಯಿತು. ಕಣ್ಣು ಅಂದರೆ ಒಂದೇ. ಎಡಗಣ್ಣಿಗೆ ಚಿಕ್ಕವಳಿದ್ದಾಗಲೇ ಹತ್ತಿಕಟ್ಟಿಗೆ ಚುಚ್ಚಿ ಹೋಗಿತ್ತು. ಇಡೀ ಬಾಳನ್ನು ಬಲಗಣ್ಣೊಂದರಲ್ಲೇ ನೋಡಿದವಳು ಅವಳು. ಅದಕ್ಕೆ ಈಗ ಪೊರೆ. ಸಂಜೆಯಾದರೆ ಮುಖ ಗುರುತು ಸಿಗದು, ನನ್ನನ್ನು ಕೆಮ್ಮಿನಿಂದ ಕಂಡುಹಿಡಿಯುತ್ತಿದ್ದಳು. ನಾನೂ ಅವಳ ಮಗ ಬಸಣ್ಣನೂ ಅವಳನ್ನು ರಾಯಚೂರಿನ ಕಣ್ಣಿನ ಆಸ್ಪತ್ರೆಗೆ ತೋರಿಸಿದೆವು. ತಡ ಮಾಡಿದರೆ ಕಷ್ಟವಾದೀತು, ಆಪರೇಷನ್ ಮಾಡಿಸಿ ಅಂದರು ಡಾಕ್ಟರಮ್ಮ. ನನ್ನನ್ನು ಬದಿಗೆ ಕರೆದು, ಸಾಮಾನ್ಯವಾಗಿ ಏನೂ ತೊಂದರೆ ಆಗದು, ಆದರೆ ಇರುವುದೊಂದೇ ಕಣ್ಣು, ಅದಕ್ಕೇ ನಾನು ಆಣೆ ಇಟ್ಟು ಹೇಳಲಾರೆ ಎಂದೂ ಅಂದರು. ದೊಡ್ಡವ್ವ ಊರಿಗೆ ಬಂದವಳೇ, ಶ್ರಾವಣ ಸೋಮವಾರ ಅಪ್ಪಣೆ ಕೇಳಿ ಹೇಳುತ್ತೇನೆ ಎಂದಳು. ಯಾರನ್ನು ಕೇಳುತ್ತಾಳೆ ಎಂದು ನಾವು ಕೇಳಲಿಲ್ಲ.

ಅಷ್ಟರಲ್ಲಿ ನೆಂಟರ ಮನೆಯವರು ಪೆನ್‌ಡ್ರೈವಿನಲ್ಲಿ ಮದುವೆ ಫೋಟೋ ತಂದರು. ಫೋಟೋಗಳ ಜೊತೆಗೆ ವೈರಸ್ಸೂ ಬಂತು, ಯಂತ್ರ ಹಾಸಿಗೆ ಹಿಡಿಯಿತು. ತಪ್ಪು ವಿಂಡೋಸಿನ ಮೇಲೆ ಹಾಕಲಾರೆ. ಅಷ್ಟು ಹಳೆಯದನ್ನು ಯಾವ ರಿಪೇರಿಯೂ ಇಲ್ಲದೆ ಅಷ್ಟು ವರ್ಷ ದುಡಿಸಿದ್ದು ನಾವು. ಒಂದು ಭಾನುವಾರ ಬ್ರಷ್ಷು, ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಎರಡನ್ನೂ ಚೀಲದಲ್ಲಿಟ್ಟುಕೊಂಡು ಗಬ್ಬೂರಿಗೆ ಹೋದೆ. ಪೆಟ್ಟಿಗೆ ಬಿಚ್ಚಿದರೆ ಒಳಗೆ ಗುಡಿಯ ಗರ್ಭಗುಡಿ. ಫ್ಯಾನಿಗೆ ವಿಭೂತಿ ಮೆತ್ತಿದೆ, ಮೆಮೊರಿಯ ಕಾರ್ಡಿನ ಸಂದಿಯಲ್ಲಿ ಕುಂಕುಮ, ತಳದಲ್ಲಿ ಒಣಗಿದ ಚೆಂಡುಹೂವಿನ ಎಸಳು, ಊದಿನಕಡ್ಡಿಯ ಬೂದಿ. ನೀಲಿ ಏಕೆ ಬರುತ್ತಿತ್ತೆಂದು ಆಗ ತಿಳಿಯಿತು. ಕುಂಕುಮ ಹೆಚ್ಚಾದ ದಿನ ಅಪ್ಪಣೆ ಆಗುತ್ತಿರಲಿಲ್ಲ.

ಎಲ್ಲ ಗುಡಿಸಿ, ಲಿನಕ್ಸ್ ಹಾಕಿ, ಹಳೆ ಫೋಟೋಗಳನ್ನೆಲ್ಲ ಉಳಿಸಿ, ಅವಳಿಗಾಗಿ ಆ ಹಳೆ ರಾಗವನ್ನೂ ಹುಡುಕಿ ಕೂರಿಸಿದೆ. ಗುಂಡಿ ಒತ್ತಿದೆ, ಹಾಡಿತು. ಮತ್ತೆ ಒತ್ತಿದೆ, ಮತ್ತೆ ಹಾಡಿತು. ನನ್ನ ಮುಖದಲ್ಲಿ ತರಗತಿಯ ಗತ್ತು ಬಂದಿರಬೇಕು. ಇನ್ನು ಮೇಲೆ ಇದು ದಿನಾ ಏಳುತ್ತದೆ ದೊಡ್ಡವ್ವ, ಒಂದು ದಿನವೂ ಕೈಕೊಡದು, ವೈರಸ್ಸೂ ಹತ್ತಿರ ಸುಳಿಯದು ಎಂದೆ. ಇದರಲ್ಲಿ ಅರ್ಧ ಪುಣ್ಯ ಬ್ರಷ್ಷಿನದು ಎಂದು ಹೇಳಲಿಲ್ಲ. ದೊಡ್ಡವ್ವ ಗವಸಿನ ಅಂಚು ನೇವರಿಸುತ್ತ, "ದಿನಾ?" ಎಂದಷ್ಟೇ ಕೇಳಿದಳು.

ಮುಂದಿನ ವಾರಗಳಲ್ಲಿ ಆ ಮನೆಯಲ್ಲಿ ಆದದ್ದನ್ನು ಬಸಣ್ಣ ನನಗೆ ಫೋನಿನಲ್ಲಿ ವರದಿ ಮಾಡಿದ. ಅಮಾವಾಸ್ಯೆ ದಿನ ಮಾನ್ವಿಗೆ ಹೊರಡಲೇ ಅಂತ ಕೇಳಿದಳು, ಹಾಡಿತು. ಕರುವನ್ನು ಪಕ್ಕದ ಮನೆಯವರಿಗೆ ಕೊಡಲೇ, ಹಾಡಿತು, ಕರು ಹೋಯಿತು. ಹಪ್ಪಳಕ್ಕೆ ಮೋಡದ ದಿನವೂ ಅಪ್ಪಣೆ ಸಿಕ್ಕಿತು, ಹಪ್ಪಳವೆಲ್ಲ ತೊಯ್ದು ಅಂಟಾಯಿತು. ಬಸಣ್ಣನೇನು ಕಡಿಮೆಯವನಲ್ಲ. ಹೊಸ ಬೈಕ್ ತೆಗೆದುಕೊಳ್ಳಲೇ ಕೇಳು ಎಂದ, ಹಾಡಿತು. ಆ ಧೈರ್ಯದಲ್ಲಿ ಮರುದಿನವೇ ಟ್ರ್ಯಾಕ್ಟರ್ ಕೇಳಲು ಹಚ್ಚಿದ, ಅದಕ್ಕೂ ಹಾಡಿತು. ದೊಡ್ಡವ್ವನಿಗೆ ಸಂಶಯ ಬಂದದ್ದು ಟ್ರ್ಯಾಕ್ಟರಿಗೆ.

ಶ್ರಾವಣದ ಮೊದಲ ಸೋಮವಾರ ಕಳೆದ ಮೇಲೂ ಅವಳಿಂದ ಸುದ್ದಿ ಇಲ್ಲ. ಆಸ್ಪತ್ರೆಯವರು ಕೊಟ್ಟಿದ್ದ ತಾರೀಕು ದಾಟಿತು. ಅಲ್ಲಿ ಪೊರೆ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಿದೆ, ಇಲ್ಲಿ ನಾನು ತರಗತಿಯಲ್ಲಿ ಲಿನಕ್ಸ್ ಎಷ್ಟು ಸ್ಥಿರ ಎಂದು ಹೇಳುತ್ತಿದ್ದೇನೆ. ಬಸಣ್ಣ ಫೋನ್ ಮಾಡಿ, ನೀನೇ ಬಂದು ಕೇಳು ತಂಗಿ, ನನ್ನ ಮುಂದೆ ಬಾಯಿ ಬಿಡುತ್ತಿಲ್ಲ ಎಂದ. ಮಧ್ಯಾಹ್ನದ ಬಸ್ಸಿಗೆ ಹೋದೆ. ದಾರಿಯುದ್ದಕ್ಕೂ ಹತ್ತಿ ಹೊಲ, ಹಸಿರು ಎಲೆಗಳ ಮೇಲೆ ಮೋಡದ ನೆರಳು ನಮ್ಮ ಬಸ್ಸಿನ ಜೊತೆಗೇ ಓಡಿಬಂದು ಗಬ್ಬೂರಿನ ಕ್ರಾಸಿನಲ್ಲಿ ಬಿಟ್ಟುಹೋಯಿತು.

ಪಡಸಾಲೆ ತಣ್ಣಗಿತ್ತು. ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ಬಿಲ್ಲೆ ದೊಡ್ಡವ್ವನ ಪಾದದ ಹತ್ತಿರ ಕೂತಿತ್ತು. ಚಿಕ್ಕವಳಿದ್ದಾಗ ನಾನು ಆ ಬಿಲ್ಲೆಯನ್ನು ಬೊಗಸೆಯಲ್ಲಿ ಹಿಡಿದು, ಬೊಗಸೆ ಮುಚ್ಚಿ ದೇವರ ಕೋಣೆಯ ಕತ್ತಲಿಗೆ ಒಯ್ಯುತ್ತಿದ್ದೆ. ತೆರೆದರೆ ಖಾಲಿ. ಮತ್ತೆ ಬಂದು ನೋಡಿದರೆ ಅದು ಇದ್ದಲ್ಲೇ ಇರುತ್ತಿತ್ತು. ಕಂಪ್ಯೂಟರಿಗೆ ಗವಸು ಹಾಕಿದ್ದಳು. ಆ ದಿನದ ಕುಂಕುಮ ಇರಲಿಲ್ಲ.

ನಾನು ಕೆಮ್ಮುವ ಮೊದಲೇ ಅವಳು ಮಾತಿಗೆ ಶುರು ಮಾಡಿದಳು. ಟ್ರ್ಯಾಕ್ಟರಿನ ಮರುದಿನ ಯಂತ್ರವನ್ನು ಪರೀಕ್ಷೆ ಮಾಡಿದಳಂತೆ. "ಎಮ್ಮಿನ ತಂದು ದೇವರ ಖೋಲ್ಯಾಗ ಕಟ್ಟಲೇನು ಅಂತ ಕೇಳೀನಿ. ಅದಕ್ಕೂ ಹಾಡ್ತು ನೋಡು" ಎಂದಳು. ನನಗೆ ನಗು ತಡೆಯಲಾಗಲಿಲ್ಲ, ಅವಳೂ ನಕ್ಕಳು. ಗವಸಿನ ಕಡೆ ಕೈ ತೋರಿಸಿ, "ಎಲ್ಲಾದಕ್ಕೂ ಹೂಂ ಅನ್ನೋದರ ಮುಂದ ನನ್ನ ಕಣ್ಣಿನ ಮಾತು ಹೆಂಗ ಇಡ್ಲಿ ಯವ್ವಾ?" ಎಂದಳು.

ಹಾಗಾದರೆ ಹನುಮಪ್ಪನ ಗುಡಿಗೆ ಹೋಗೋಣ ಎಂದೆ. ಅವಳು ತಲೆಯಾಡಿಸಿದಳು. ದೇವರನ್ನು ಎರಡನೇ ಸಲ ಕೇಳುವಂತಿಲ್ಲ, ಎಡಗಡೆ ಹೂ ಬಿದ್ದರೆ ಮುಗಿಯಿತು. ನಿಮ್ಮ ದೊಡ್ಡಪ್ಪನ ಯಂತ್ರವಾದರೆ ಇವತ್ತು ಬೇಡ ಅಂದರೂ ನಾಳೆ ಮತ್ತೆ ಕೇಳಬಹುದಿತ್ತು, ಅದಕ್ಕೆ ಸಿಟ್ಟಿರಲಿಲ್ಲ. ಹೀಗೆ ಅವಳ ವಿವರಣೆ. ಒಂದು ಯಂತ್ರ ಕೈಕೊಡುವುದನ್ನು ಯಾರಾದರೂ ಅದರ ಒಳ್ಳೆಯತನವೆಂದು ಎಣಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಗೈಡಿನಲ್ಲಿ ಅದಕ್ಕೆ ಜಾಗವಿಲ್ಲ.

ಆಮೇಲೆ ಅವಳು ನನ್ನ ಕಡೆ ತಿರುಗಿದಳು. ಮಂಜಾದ ಕಣ್ಣು ನನ್ನ ಮುಖದ ತುಸು ಪಕ್ಕಕ್ಕೆ ನೆಟ್ಟಿತ್ತು. "ನೀ ಹೇಳು. ನೀ ಏನಂತಿ ಹಂಗ ಮಾಡ್ತೀನಿ."

ಹೂಂ ಎನ್ನಲು ಬಾಯಿ ತೆರೆದೆ. ಬಸ್ಸಿನಲ್ಲಿ ಬರುವಾಗಲೇ ಸಿದ್ಧ ಮಾಡಿಕೊಂಡಿದ್ದ ಮಾತು, ಎಷ್ಟು ಜನರಿಗೆ ಗುಣವಾಗಿದೆ, ಏನೂ ಆಗದು, ನಾನಿದ್ದೇನಲ್ಲ. ಒಂದೂ ಹೊರಡಲಿಲ್ಲ. ಆಣೆ ಇಡಲಾರೆ ಅಂದ ಡಾಕ್ಟರಮ್ಮನ ಮುಖ ಕಣ್ಣಮುಂದೆ ಬಂತು. ಒಂದು ವೇಳೆ ಕಣ್ಣು ಹೋಯಿತೋ, ನಾನು ಹೂಂ ಅಂದದ್ದಕ್ಕೆ ಹೋಯಿತು. ಮಾಡಿಸದಿದ್ದರೆ ನಿಧಾನಕ್ಕೆ ಹೇಗೂ ಹೋಗುತ್ತದೆ, ಅದರ ಹೊಣೆ ಯಾರ ತಲೆಗೂ ಬರುವುದಿಲ್ಲ. ಬಸಣ್ಣನ ಹೆಂಡತಿ ಚಹಾ ತಂದಿಟ್ಟು ಹೋದಳು. ಬಿಸಿಲಿನ ಬಿಲ್ಲೆ ದೊಡ್ಡವ್ವನ ಪಾದ ಬಿಟ್ಟು ಗವಸಿನ ಕೆಂಪಂಚಿಗೆ ಬಂದಿತ್ತು. ದೊಡ್ಡವ್ವ ಅವಸರ ಮಾಡಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು, ಆ ಹಳೆಯ ಯಂತ್ರದ ಮುಂದೆ ಕಾಯುತ್ತಿದ್ದಂತೆಯೇ.

"ಹೂಂ ದೊಡ್ಡವ್ವ, ಮಾಡಸೋಣು" ಎಂದೆ ಕಡೆಗೆ.

"ಭಾಳ ತಡಾ ಮಾಡಿದಿ."

"ಅಂಜಿಕಿ ಬಂತು."

"ಅಂಜಿ ಅಂದಿಯಲ್ಲ, ಹಂಗಾರ ಖರೇನ ಅಂದಿ" ಎಂದು ಅವಳು ಚಹಾದ ಕಪ್ಪಿಗೆ ಕೈಚಾಚಿದಳು. "ತಾರೀಕು ಕೇಳಂತ ಹೇಳು ಬಸಣ್ಣಗ."

ಆಪರೇಷನ್ ಆದ ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಬಸಣ್ಣ ಗೋಡೆಗೆ ಆತು ನಿಂತಿದ್ದ, ನಾನು ಸ್ಟೂಲಿನ ಮೇಲೆ ಅವಳ ಎದುರಿಗೆ. ಕಿಟಕಿಯ ಆಚೆ ರಾಯಚೂರು ತನ್ನ ಪಾಡಿಗೆ ಹಾರ್ನ್ ಹೊಡೆಯುತ್ತಿತ್ತು. ಕಾಣಿಸುತ್ತದೇನಮ್ಮ ಎಂದು ಡಾಕ್ಟರಮ್ಮ ಕೇಳಿದರು. ದೊಡ್ಡವ್ವನ ನೀರಾಡಿದ ಕಣ್ಣು ಮೆಲ್ಲಗೆ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಡಾಕ್ಟರಮ್ಮ ಇನ್ನೊಮ್ಮೆ ಕೇಳಲು ಬಾಗಿದರು. ಏಳುವ ಹೊತ್ತಿನಲ್ಲಿ ಮಾತಾಡಿಸಬೇಡಿ ಎಂಬಂತೆ ನಾನು ಕಣ್ಣಲ್ಲೇ ಬೇಡಿಕೊಂಡೆ, ಅವರು ಯಾಕೋ ಹಿಂದಕ್ಕೆ ಸರಿದರು. ಆ ಕಣ್ಣು ಕಿಟಕಿಯ ಬೆಳಕಿಗೆ ಹೋಯಿತು, ಪರದೆಗೆ ಹೋಯಿತು, ಬಸಣ್ಣನ ಅಂಗಿಯ ಗುಂಡಿಯ ಹತ್ತಿರ ತುಸು ನಿಂತಿತು, ಆಮೇಲೆ ನನ್ನ ಮುಖಕ್ಕೆ ಬಂತು. ಪಕ್ಕಕ್ಕಲ್ಲ, ಮುಖಕ್ಕೇ. ಬಹಳ ಹೊತ್ತು ಅಲ್ಲೇ ಇತ್ತು. ನನ್ನ ಎರಡೂ ಕೈ ಯಾವಾಗಲೋ ಮಡಿಲಿಗೆ ಬಂದು ಕೂತಿದ್ದವು.

"ಹೂಂ" ಅಂದಳು ದೊಡ್ಡವ್ವ.